ಪರೀಕ್ಷೆಯ ಕೋಣೆಗೆ ಹೋದ ಕುರಿಗಳು

ಹಿರಿಯೂರಿನ ಕುರಿ ಸಾಕಣೆದಾರರ ಸಂಘದಲ್ಲಿ ನನ್ನದು ಲಸಿಕೆಯ ದಾಖಲೆ ನೋಡಿಕೊಳ್ಳುವ ಕೆಲಸ. ಯಾರ ಮಂದೆಗೆ ಯಾವಾಗ ಸೂಜಿ ಹಾಕಿದ್ದು, ಯಾವ ಕುರಿಗೆ ಯಾವ ಬೇನೆ ಬಂತು, ಮಂದೆ ಈಗ ಯಾವ ಕಡೆ ಮೇಯಲು ಹೋಗಿದೆ, ಮುಂದೆ ಯಾವ ತಿಂಗಳು ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಎಷ್ಟೋ ವರ್ಷ ಉದ್ದನೆಯ ಪುಸ್ತಕಗಳಲ್ಲಿ ಬರೆದೆ. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ. ಪುಸ್ತಕ ಹಿರಿಯೂರಿನ ಕಪಾಟಿನಲ್ಲಿದ್ದರೆ ಮಂದೆ ಹೊಸದುರ್ಗದಾಚೆ ಎಲ್ಲೋ ಇರುತ್ತಿತ್ತು. ಅಲ್ಲಿಯ ಪಶುವೈದ್ಯರು ಫೋನ್ ಮಾಡಿ ಕೇಳಿದರೆ, ಅವರನ್ನು ಕಾಯಿಸಿ ನಾನು ಪುಟ ತಿರುವುತ್ತಿದ್ದೆ.

ಕೋಡ್ ಬರೆಯಲು ಬಾರದವರೂ ಆಪ್ ಕಟ್ಟಬಹುದು, ಸಂಘದ ಚಿತ್ರದುರ್ಗದ ಕಚೇರಿಯಲ್ಲಿ ಮೂರು ದಿನ ತರಬೇತಿ ಕೊಡುತ್ತಾರೆ ಎಂದಾಗ ಮೊದಲು ಕೈ ಎತ್ತಿದವಳು ನಾನು. ಎರಡನೆಯ ಕೈ ನನ್ನ ಗೆಳತಿಯದು. ಅವಳು ಹೊಳಲ್ಕೆರೆಯವಳು, ಕೆಲಸ ಚಿತ್ರದುರ್ಗದ ಕಚೇರಿಯಲ್ಲಿ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ನನ್ನ ಹೆರಿಗೆಯಲ್ಲಿ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು ಅವಳು. ನನ್ನ ಮಗಳು ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು.

ತರಬೇತಿಯಲ್ಲಿ ಉಳಿದವರಿಗೆಲ್ಲ ಬಣ್ಣದ ಗುಂಡಿಗಳನ್ನು ಎಳೆದು ಕೂರಿಸುವುದರಲ್ಲಿ ಆಸಕ್ತಿ. ನನಗೆ ಮಾತ್ರ, ಬರೆದದ್ದೆಲ್ಲ ಎಲ್ಲಿ ಉಳಿಯುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದೇ ಚಿಂತೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಚೌಕ ಬರೆದೆ. ಒಂದು, ಆಪ್ ಕಟ್ಟುವ ಕೋಣೆ. ಇನ್ನೊಂದು, ಕಟ್ಟಿದ್ದನ್ನು ಪರೀಕ್ಷೆ ಮಾಡುವ ಕೋಣೆ. ಮೂರನೆಯದು ನಿಜದ ಕೋಣೆ. ಕುರಿಗಾರರ ಮಾಹಿತಿ ಇರುವುದು ಅಲ್ಲಿ ಮಾತ್ರ, ಅದರ ಬೀಗದ ಕೈ ನಾಲ್ಕೇ ಜನರ ಬಳಿ. ಪರೀಕ್ಷೆಯ ಕೋಣೆಯನ್ನು ಯಾರು ಬೇಕಾದರೂ ನೋಡಬಹುದು ಎಂದು ಆ ಚೌಕದ ಕೆಳಗೆ ಬರೆದೆ, ಏಕೆಂದರೆ ಅಲ್ಲಿ ನಿಜವಾದದ್ದು ಏನೂ ಇರುವುದಿಲ್ಲ.

ಗೆಳತಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತುಂಬಿಬಿಡೋಣ ಎಂದಳು. ನಾನು ಒಪ್ಪಲಿಲ್ಲ. ಒಬ್ಬ ಮಾಲೀಕನಿಗೆ ಕುರಿ ನೂರಿರುತ್ತವೆ, ಒಂದು ಕುರಿಗೆ ಚಿಕಿತ್ಸೆ ನಾಲ್ಕಿರುತ್ತವೆ. ಮಾಲೀಕರಿಗೊಂದು, ಕುರಿಗಳಿಗೊಂದು, ಚಿಕಿತ್ಸೆಗೊಂದು ಎಂದು ಬೇರೆ ಬೇರೆ ಕೋಷ್ಟಕ ಮಾಡಿದರೆ ಒಂದೊಂದಕ್ಕೂ ಬೇರೆ ಬೀಗ ಹಾಕಬಹುದು. ಅವಳು ನಕ್ಕು, "ಲೇ, ನೀನು ಕುರಿ ಲೆಕ್ಕ ಇಡ್ತಿದೀಯೋ ಖಜಾನೆ ಕಾಯ್ತಿದೀಯೋ?" ಎಂದಳು. ಆದರೂ ನನ್ನ ಪಕ್ಕ ಕೂತು ಎರಡು ತಿಂಗಳು ದುಡಿದಳು. ಅದನ್ನು ಇಲ್ಲವೆನ್ನಲಾರೆ.

ಪರೀಕ್ಷೆಯ ಕೋಣೆಗೆ ಸುಳ್ಳು ಕುರಿಗಳನ್ನು ನಾನೇ ತುಂಬಿದೆ. ಅವುಗಳಿಗೆ ಬದನೆಕಾಯಿ, ಹೀರೇಕಾಯಿ ಎಂದು ಹೆಸರಿಟ್ಟೆ. ನಿಜದ ಕೋಣೆಗೆ ಮಾಹಿತಿ ತುಂಬಲು ಊರೂರಿಗೆ ಹೋದೆವು. ಜವನಗೊಂಡನಹಳ್ಳಿಯ ಒಬ್ಬ ಹೆಂಗಸು ಮೊದಲು ಬಾಯಿ ಬಿಡಲೇ ಇಲ್ಲ. ಗಂಡನಿಗೆ ಸೊಂಟ ಬಿದ್ದಮೇಲೆ ಮಂದೆಯ ಹಿಂದೆ ತಾನೇ ತಿರುಗುತ್ತಿದ್ದವಳು ಆಕೆ.

"ಕುರಿ ಎಲ್ಲಿ ಅವೆ, ಎಷ್ಟು ಅವೆ ಅಂತ ಊರಿಗೆಲ್ಲ ಯಾಕೆ ಹೇಳ್ಬೇಕು?" ಎಂದು ಕೇಳಿದಳು.

"ಸಂಘ ಬಿಟ್ಟು ಆಚೆ ಹೋಗಲ್ಲಮ್ಮ. ನನ್ನ ಮಾತು ನಂಬ್ರಿ," ಎಂದೆ.

ಆಕೆ ನಂಬಿ ಎಲ್ಲವನ್ನೂ ಹೇಳಿದಳು.

ಆ ವರ್ಷ ಮಳೆ ನಿಂತ ಮೇಲೆ ಆಕೆಯ ಮಂದೆಯಲ್ಲಿ ಹನ್ನೊಂದು ಕುರಿಗಳಿಗೆ ನೀಲಿ ನಾಲಿಗೆ ಬೇನೆ ಬಂತು. ಅದೇ ವಾರ ಗೆಳತಿ ಫೋನ್ ಮಾಡಿದಳು. ಮೇಲಿನವರಿಗೆ ಆಪ್ ತೋರಿಸಬೇಕಾಗಿತ್ತು.

"ಬದನೆಕಾಯಿಗೆ ಜ್ವರ ಬಂದೈತೆ ಅಂತ ತೋರಿಸಿದ್ರೆ ಎಲ್ರೂ ನಗ್ತಾರೆ ಕಣೇ. ನಿಜದ್ದನ್ನ ಒಂದ್ಸಲ ಪರೀಕ್ಷೆ ಕೋಣೆಗೆ ನಕಲು ಮಾಡು. ತೋರಿಸಿದ್ಮೇಲೆ ಅಳಿಸಿಬಿಡಾಣ."

ಬೇರೆ ಯಾರು ಕೇಳಿದ್ದರೂ ಆಗುವುದಿಲ್ಲ ಎನ್ನುತ್ತಿದ್ದೆ. ಕೇಳಿದವಳು ಅವಳು. ನನ್ನ ಕೈಯಾರೆ ನಕಲು ಮಾಡಿದೆ. ಒಂದು ವಾರ ಬಿಟ್ಟು ಅಳಿಸಿದೆಯಾ ಎಂದು ಕೇಳಿದ್ದಕ್ಕೆ, "ಹೂಂ, ಆಗ್ಲೇ ಆತು," ಎಂದಳು. ನಾನು ತೆರೆದು ನೋಡಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಜವನಗೊಂಡನಹಳ್ಳಿಯ ಆ ಹೆಂಗಸು ಕಚೇರಿಗೆ ಬಂದಳು. "ಬರ್ರಿ, ಕುಂತ್ಕಳ್ರಿ," ಎಂದೆ. ಆಕೆ ಕೂರಲಿಲ್ಲ.

"ನನ್ನ ಕುರಿಗೆ ಇನ್ನೂ ಬ್ಯಾನಿ ಐತೆ ಅಂತ ನನಗೆ ಹೇಳೋದು ಬಿಟ್ಟು ವ್ಯಾಪಾರದೋನಿಗೆ ಹೇಳಿದ್ರೇನಮ್ಮ?"

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ನಿಂತೇ ಎಲ್ಲ ಹೇಳಿದಳು. ಬಬ್ಬೂರಿನ ಹತ್ತಿರ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದಳು. ಮಾಂಸದ ವ್ಯಾಪಾರಿಯೊಬ್ಬ ದಾರಿ ಕೇಳದೆ ನೆಟ್ಟಗೆ ಅಲ್ಲಿಗೇ ಬಂದು ಮೊಬೈಲ್ ತೋರಿಸಿದ. ಆಕೆಯ ಹೆಸರು, ಊರು, ಯಾವ ತಿಂಗಳು ಮಂದೆ ಎಲ್ಲಿ ನಿಲ್ಲುತ್ತದೆ ಎಂಬುದು, ಕುರಿಗಳ ಕಿವಿಯ ಓಲೆಯ ನಂಬರು, ಹನ್ನೊಂದಕ್ಕೆ ನೀಲಿ ನಾಲಿಗೆ ಎಂಬುದು, ಎಲ್ಲವೂ ಅದರಲ್ಲಿದ್ದವು. ಬೇನೆ ಇನ್ನೂ ಒಳಗೇ ಇದೆ, ಮತ್ತೆ ಏಳುತ್ತದೆ, ಮಂದೆಯೆಲ್ಲ ಹೋಗುವ ಮೊದಲು ಕೊಟ್ಟುಬಿಡು ಎಂದನಂತೆ.

"ಸಂಘದ ಲೆಕ್ಕದಾಗೇ ಐತೆ ಅಂದ. ನೀವು ಬರೆದಿದ್ದು ಸುಳ್ಳಾಗ್ತದಾ? ಮೂರು ಕಾಸಿಗೆ ಅರ್ಧ ಮಂದೆ ಹೊಡ್ಕೊಂಡು ಹೋದ."

ನಿಜದ ಕೋಣೆ ತೆರೆದೆ. ಹನ್ನೊಂದೂ ಕುರಿಗಳ ಎದುರು 'ಗುಣವಾಗಿದೆ' ಎಂದಿತ್ತು. ಗುಣವಾದದ್ದನ್ನು ಬರೆದವಳು ನಾನೇ. ಹಾಗಾದರೆ ವ್ಯಾಪಾರಿ ನೋಡಿದ್ದು ಇದನ್ನಲ್ಲ. ಪರೀಕ್ಷೆಯ ಕೋಣೆ ತೆರೆದೆ. ನಕಲು ಹಾಗೇ ಇತ್ತು, ಹನ್ನೊಂದೂ ಅಲ್ಲಿ ಇನ್ನೂ ಕಾಯಿಲೆಯಲ್ಲೇ ಇದ್ದವು. ಒಳಗೆ ಬರಬಲ್ಲವರ ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಹೆಸರಿತ್ತು. ಹೊಸಬರನ್ನು ಸೇರಿಸುವ ಅಧಿಕಾರ ಇದ್ದದ್ದು ನನಗೊಬ್ಬಳಿಗೇ. ಸೇರಿಸಿದವರು ಯಾರೆಂದು ನೋಡಿದರೆ ನನ್ನದೇ ಹೆಸರು. ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತು.

ಆ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು. ನಾನು ಒಳಗೆ ಅವಳಿಗಿಷ್ಟವೆಂದು ಮುದ್ದೆ ತಿರುವುತ್ತಿದ್ದೆ. "ನಿನ್ನ ಲ್ಯಾಪ್‌ಟಾಪ್‌ನಾಗೆ ಒಂದು ಸ್ಕ್ರೀನ್ ನೋಡ್ಕತೀನಿ," ಎಂದು ಕೂಗಿ ಹೇಳಿದ್ದಳು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು, ಮಗಳ ಹೆಸರು.

ಫೋನ್ ಮಾಡಿದೆ, ಎತ್ತಲಿಲ್ಲ. ಸಂಘದ ಅಧ್ಯಕ್ಷರಿಗೆ ನಾನೇ ಹೋಗಿ ತಿಳಿಸಿದೆ. ಮೂರು ದಿನ ಬಿಟ್ಟು ಚಿತ್ರದುರ್ಗದಲ್ಲಿ ಸಭೆ ಕರೆದರು. ನಕಲು ಮಾಡಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಹೊರಗಿನವನನ್ನು ಸೇರಿಸಿದವಳು ನಾನಲ್ಲ ಎಂದೆ. ಅವಳು ಮೇಜಿನ ಆಚೆ ಬದಿಯಲ್ಲಿ ಕೂತಿದ್ದಳು. ತುರುವನೂರಿನ ಹಿರಿಯ ಸದಸ್ಯರೊಬ್ಬರು ನೇರವಾಗಿ ಅವಳನ್ನೇ ಕೇಳಿದರು.

"ನಿನಗೇನಾದ್ರೂ ಗೊತ್ತೇನಮ್ಮ?"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಅವರ ಹೆಸರಲ್ಲೇ ಐತಲ್ಲ ಸಾರ್. ನಾನೇನು ಹೇಳ್ಲಿ?"

ಅಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ನಾನು 'ಅವರು' ಆದದ್ದು ಅದೇ ಮೊದಲು. ಭಾನುವಾರದ ವಿಷಯ ಹೇಳಲು ಹೊರಟೆ. ಹೇಳಿದ್ದು ಅರ್ಧಂಬರ್ಧ. ಸಾಕ್ಷಿ ಇಲ್ಲವೆಂದರು. ನನ್ನ ಕೆಲಸ ಉಳಿಯಿತು, ಆಪಿನ ಮೇಲಿದ್ದ ಅಧಿಕಾರ ಹೋಯಿತು.

ಮೆಟ್ಟಿಲ ಹತ್ತಿರ ಅವಳನ್ನು ತಡೆದೆ. "ಯಾಕೆ ಹಿಂಗೆ ಮಾಡಿದೆ?" ಎಂದೆ.

"ಆ ವ್ಯಾಪಾರದೋರು ಕಂಪ್ನಿಯಾಗೆ ಕೆಲ್ಸ ಕೊಡ್ತೀವಿ, ಆಪ್ ಹೆಂಗೈತೆ ತೋರ್ಸು ಅಂದ್ರು. ನಿಜದ ಕೋಣೆ ನಾನು ಮುಟ್ಟಿಲ್ಲ ಕಣೇ. ಪರೀಕ್ಷೆದು ತಾನೇ, ಯಾರು ಬೇಕಾದ್ರೂ ನೋಡಬೌದು ಅಂತ ನೀನೇ ಬರೆದಿದ್ದೆ."

ನಾನು ಬರೆದ ಮಾತನ್ನೇ ನನಗೆ ಹೇಳಿ ಮೆಟ್ಟಿಲಿಳಿದು ಹೋದಳು. ತಿಂಗಳೊಳಗೆ ಆ ವ್ಯಾಪಾರಿಯ ಕಂಪನಿ ಸೇರಿದಳೆಂದು ಗೊತ್ತಾಯಿತು. ಆಮೇಲೆ ಸಂಘದವರಿಗೆ ನನ್ನ ಮಾತು ನಿಜವೆನಿಸಿತು. ಅಧ್ಯಕ್ಷರು ಕರೆದು, "ತಪ್ಪು ತಿಳ್ಕೊಂಡ್ವಿ," ಎಂದು ಅಧಿಕಾರ ವಾಪಸು ಕೊಟ್ಟರು. ನನಗೇನೂ ಹಗುರವೆನಿಸಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿದ್ದುದನ್ನೆಲ್ಲ ಅಳಿಸಿದೆ. ಮಂದೆ ಎಲ್ಲಿದೆ ಎಂದು ಕೇಳುವ ಕಾಲಂ ಅನ್ನೇ ನಿಜದ ಕೋಷ್ಟಕದಿಂದ ಕಿತ್ತುಹಾಕಿದೆ. ಆಮೇಲೆ ಜವನಗೊಂಡನಹಳ್ಳಿಗೆ ಹೋಗಿ ಆ ಹೆಂಗಸಿನ ಎದುರು ಕೂತು, ನಕಲು ಮಾಡಿದ್ದು ನಾನು, ನಂಬಿ ಕೆಟ್ಟವಳೂ ನಾನು ಎಂದು ನಡೆದದ್ದನ್ನೆಲ್ಲ ಹೇಳಿದೆ.

ಆಕೆ, "ನೀವು ಯಾರನ್ನ ನಂಬಿದ್ರೋ ನನಗೇನು ಗೊತ್ತು? ನಾನು ನಂಬಿದ್ದು ನಿಮ್ಮನ್ನ," ಎಂದಳು. ಮತ್ತೆ, "ನನ್ನ ಹೆಸರು ತೆಗೆದ್ಬಿಡ್ರಿ," ಎಂದಳು. ಆಕೆಯ ಎದುರೇ ತೆಗೆದೆ. ಪರದೆಯಿಂದ ಸಾಲು ಹೋಗುವ ತನಕ ಕಣ್ಣು ಕೀಳದೆ ನೋಡಿದಳು.

ಮುಂದಿನ ಮಳೆಗಾಲದ ಹೊತ್ತಿಗೆ ಆಕೆಯೇ ಫೋನ್ ಮಾಡಿದಳು. "ಸೂಜಿ ಹಾಕಾಕೆ ಬರ್ರಿ. ಆದ್ರೆ ಏನೂ ಬರ್ಕಬ್ಯಾಡ್ರಿ." ವೈದ್ಯರ ಜೊತೆ ನಾನೂ ಹೋದೆ. ಪುಸ್ತಕವನ್ನೂ ಫೋನನ್ನೂ ಜೀಪಿನಲ್ಲೇ ಬಿಟ್ಟು, ಒಂದೊಂದೇ ಕುರಿಯನ್ನು ಹಿಡಿದು ನಿಲ್ಲಿಸಿಕೊಟ್ಟೆ. ಕೊನೆಯ ಕುರಿಗೂ ಸೂಜಿ ಆದಮೇಲೆ ಆಕೆ ನನಗೊಂದು ಲೋಟ ಮಜ್ಜಿಗೆ ಕೊಟ್ಟಳು.