ಮಾವಿನ ಕೊಂಬೆಯಲ್ಲಿ ಡೀಸೆಲ್ ಎಂಜಿನ್

ಎಲಿಯೆಸೆರ್ ತನ್ನ ಆಯುಸ್ಸಿನಲ್ಲಿ ಮಾಡಿದ ಅತ್ಯಂತ ಜಾಣ ಕೆಲಸವೇ ಕೊನೆಗೆ ಅವನ ಕುತ್ತಿಗೆಗೆ ಬಂತು. ಅಪ್ಪನಿಂದ ಬಂದ ೧೯೪೮ರ ಪ್ಲಿಮತ್ ಕಾರಿನ ಪೆಟ್ರೋಲ್ ಎಂಜಿನ್ ಕಿತ್ತು, ಗುಜರಿ ಟ್ರಾಕ್ಟರಿನ ಡೀಸೆಲ್ ಎಂಜಿನ್ನನ್ನು ತಾನೇ ಕೂರಿಸಿದ. ಆಗ ಕ್ಯೂಬಾದಲ್ಲಿ ಪೆಟ್ರೋಲ್ ಎಲ್ಲೂ ಇರಲಿಲ್ಲ. ಸಕ್ಕರೆ ಕಾರ್ಖಾನೆಯ ಡೀಸೆಲ್ ಹೇಗೋ ಸಿಗುತ್ತಿತ್ತು. ಮೂವತ್ತು ವರ್ಷ ಆ ಕಾರು ನಮ್ಮ ಊರಿಗೂ ಸಿಯೆನ್‌ಫ್ಯೂಗೋಸ್ ನಗರಕ್ಕೂ ಜನರನ್ನು ಹೊತ್ತಿತು. ಹಳೆಯ ಎಂಜಿನ್ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿತ್ತು. ಹೆಂಡತಿ ನೆರೇಯ್ದಾ ಕಾರನ್ನು ಕರೆಯುತ್ತಿದ್ದದ್ದು ‘ನನ್ನ ಸವತಿ’ ಎಂದೇ.

ಆಮೇಲೆ ನೆರೇಯ್ದಾಳ ಮೂತ್ರಪಿಂಡಗಳು ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹನ್ನೆರಡು ಕಿಲೋಮೀಟರ್ ದೂರ. ರೋಗಿಗಳನ್ನು ಒಯ್ಯುತ್ತಿದ್ದ ಸರ್ಕಾರಿ ವ್ಯಾನ್ ನಿಂತುಹೋಗಿತ್ತು. ಕಳೆದ ಮೇ ತಿಂಗಳಲ್ಲಿ ಡೀಸೆಲ್ಲೂ ನಿಂತಿತು. ಬುಧವಾರದ ಸರದಿ ತಪ್ಪಿತು. ಇನ್ನೊಂದು ತಪ್ಪಿದರೆ ಹೃದಯ ನಿಲ್ಲಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಗುರುವಾರ ಬೆಳಿಗ್ಗೆ ಬಂಕಿಗೆ ಟ್ಯಾಂಕರ್ ಬಂತು. ಅದರಲ್ಲಿ ಬರೀ ಪೆಟ್ರೋಲ್ ಇತ್ತು.

ಎಲಿಯೆಸೆರ್ ಒಗೆಯುವ ಕಲ್ಲನ್ನು ಉರುಳಿಸಿದ. ಪಕ್ಕದ ಮನೆಯ ವೆಲ್ಡರ್ ಓಸ್ಮಾನಿ ಬಂದು, ಡೀಸೆಲ್ ಎಂಜಿನ್ನನ್ನು ಸರಪಳಿಯಲ್ಲಿ ಮಾವಿನ ಕೊಂಬೆಗೆ ಎತ್ತಿ ಕಟ್ಟಿದ. ಆದರೆ ಅದು ಕೂತಿದ್ದ, ಕಾರಿಗೆ ಬೆಸೆದ ಕಬ್ಬಿಣದ ಆಧಾರಗಳು ಹಳೆಯ ಎಂಜಿನ್ನಿಗೆ ಅಡ್ಡ ಬಂದವು.

“ಇವನ್ನ ಕೊಯ್ದ್ರೆ ಡೀಸೆಲ್ ಎಂಜಿನ್ ಮತ್ತೆ ಕೂರಲ್ಲ ಕಣೋ. ಬೆಸುಗೆ ಹಾಕೋಕೆ ನನ್ನತ್ರ ಕಡ್ಡೀನೂ ಇಲ್ಲ.”

“ಕೊಯ್ಯಿ.”

“ಇನ್ನೊಂದ್ಸಲ ಯೋಚ್ನೆ ಮಾಡು.”

“ಕೊಯ್ಯೋ ಅಂದ್ರೆ!”

ಜಗುಲಿಯಿಂದ ನೆರೇಯ್ದಾ ಕೂಗಿದಳು: “ಮೂವತ್ತು ವರ್ಷ ನನ್ನ ಬಟ್ಟೆ ಹೊತ್ತವಳನ್ನ ಈಗ ಕಾರಿಗೆ ಹೊತ್ಕೊಂಡು ಹೋಗ್ತಿದೀಯಲ್ಲೋ, ನಾನೇನ್ ನೆಲದ ಮೇಲೆ ಒಗೀಲಾ?” ಅವಳ ಕಾಲುಗಳು ಕಂಬದಂತೆ ಊದಿದ್ದವು.

ಮಧ್ಯಾಹ್ನ ಎಲಿಯೆಸೆರ್ ನನ್ನ ಬಾಗಿಲಿಗೆ ಬಂದ. ಎಂಜಿನ್ ತಣಿಸುವ ನೀರು ಸಿಲಿಂಡರಿಗೆ ಸೋರದಂತೆ ಅದರ ಮುಚ್ಚಳದ ಕೆಳಗೆ ಹಾಕಲು ಹಳೆಯ ಇಸ್ತ್ರಿಪೆಟ್ಟಿಗೆಯ ಕಲ್ನಾರಿನ ಹಾಳೆಯೊಂದನ್ನು ಕತ್ತರಿಸಿ ತಂದಿದ್ದ. ಅವನಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನೇ.

“ಟೀಚರ್, ಇದು ತಡ್ಕೊಳ್ಳುತ್ತಾ?”

“ಇಲ್ಲ.”

“ಹನ್ನೆರಡು ಕಿಲೋಮೀಟರ್?”

“ಹತ್ತು, ಹೆಚ್ಚಂದ್ರೆ. ವಾಪಸ್ ಬರೋದಂತೂ ಆಗದ ಮಾತು.”

“ವಾಪಸ್ಸಿನ ಮಾತು ನಾನೆಲ್ಲಿ ಕೇಳ್ದೆ?” ಎಂದು ಹೋದ.

ಶುಕ್ರವಾರ ಬೆಳಿಗ್ಗೆ ಕಾರು ಹೊರಟಿತು. ಪೆಟ್ರೋಲ್ ಎಂಜಿನ್ನಿನ ಆ ಮೆತ್ತನೆಯ ಸದ್ದನ್ನು ಬೀದಿ ಮರೆತೇಬಿಟ್ಟಿತ್ತು.

ಸಂಜೆ ಅವರು ಬರಲಿಲ್ಲ. ಶನಿವಾರವೂ ಬರಲಿಲ್ಲ. ಬಂದದ್ದು ಡೀಸೆಲ್. ಭಾನುವಾರ ನಾನು ಅನ್ನ, ಕಪ್ಪು ಬೀನ್ಸ್ ಕಾಳಿನ ಪಾತ್ರೆ ಹಿಡಿದು ಕುದುರೆಗಾಡಿಯಲ್ಲಿ ನಗರಕ್ಕೆ ಹೋದೆ. ಕಾರು ಆಸ್ಪತ್ರೆಯ ಗೋಡೆಗೆ ಒತ್ತಿ ನಿಂತಿತ್ತು. ಹಾಳೆ ಸುಟ್ಟು ಸಿಲಿಂಡರಿಗೆ ನೀರು ನುಗ್ಗಿತ್ತು. ಕೊನೆಯ ಏರನ್ನು ದಾರಿಹೋಕರು ತಳ್ಳಿ ಹತ್ತಿಸಿದ್ದರಂತೆ. ಶುಕ್ರವಾರದ ಸರದಿ ಮುಗಿಸಿದ್ದ ನೆರೇಯ್ದಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದಳು. ಆ ಕಾಲದ ಕಾರುಗಳ ಸೀಟು ಮಂಚದಷ್ಟು ಅಗಲ.

“ಡೀಸೆಲ್ ಬಂದಿದೆ” ಎಂದೆ.

ಎಲಿಯೆಸೆರ್ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡ. ಕಾರಿನೊಳಗಿನಿಂದ ನೆರೇಯ್ದಾ ಹೇಳಿದಳು: “ಡೀಸೆಲ್ ಬಂಕಲ್ಲಿ, ಎಂಜಿನ್ ಮರದಲ್ಲಿ, ಸವತಿಯರಿಬ್ಬರೂ ಬೀದೀಲಿ. ಚೆನ್ನಾಗಿದೆ ಸಂಸಾರ.”

“ಮನೆಗೆ ಹೇಗೆ ಬರ್ತೀರಿ?” ಎಂದು ಕೇಳಿದೆ.

“ಮನೇಗ್ಯಾಕೆ, ಟೀಚರ್?” ಎಂದ ಅವನು, ಪಾತ್ರೆಯನ್ನು ಬಾನೆಟ್ಟಿನ ಮೇಲಿಟ್ಟು. “ನಾಳೆ ಸೋಮವಾರ. ಮತ್ತೆ ಇಲ್ಲಿಗೇ ಬರ್ಬೇಕಲ್ಲ.”