ಬರಿದಾಗಬಾರದ ಮಗ್ಗ

ಮದುವೆಯಾಗಿ ಬಂದ ವಾರದಲ್ಲೇ ಅತ್ತೆಯ ಮಗ್ಗ ಮುಟ್ಟಿ ಬೈಸಿಕೊಂಡವಳು ನಾನು. ಬೈಗುಳವೆಂದರೆ ಸಣ್ಣದಲ್ಲ. ಹಾರಂಗಿ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತಂತೆ.

"ಲೇ ಹೆಣ್ಣೇ, ನೇಯ್ತೀಯಾ, ನೇಯಿ. ಲಾಳಿ ಎಸಿ, ಬ್ಯಾಡ ಅನ್ನಲ್ಲ. ಎಳೆ ಕೆಚ್ಚೋ ತಾವ್ಕೆ ಮಾತ್ರ ಕೈ ಇಕ್ಕಿದ್ರೆ ನೋಡು!"

ಕೆಚ್ಚುವುದೆಂದರೆ ಏನೆಂದು ಹೇಳಿಬಿಡುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ನೇಯುತ್ತ ನೇಯುತ್ತ ಅದು ಬಟ್ಟೆಯಾಗಿ ಸುತ್ತಿಕೊಂಡು ಮುಗಿಯುತ್ತ ಬರುತ್ತದೆ. ಪೂರ್ತಿ ಮುಗಿಯುವ ಮೊದಲೇ, ಮೊಳದಷ್ಟು ಉಳಿದಿರುವಾಗಲೇ, ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ತುದಿ ಸೇರಿಸಿ, ಬೆರಳಿಗೆ ಒಲೆಬೂದಿ ಹಚ್ಚಿಕೊಂಡು ಹೊಸೆಯಬೇಕು. ಅದೇ ಕೆಚ್ಚುವುದು. ಹಾಗಾಗಿ ನಮ್ಮ ಮಗ್ಗ ಯಾವತ್ತೂ ಬರಿದಾದದ್ದಿಲ್ಲ. ಅತ್ತೆ ಹೊಸೆದದ್ದು ಅವರ ಅತ್ತೆಯ ಎಳೆಗೆ, ಅವರು ಹೊಸೆದದ್ದು ಅವರತ್ತೆಯ ಎಳೆಗೆ. ಹಾಸನದ ಕಡೆಯಿಂದ ಇಲ್ಲಿಗೆ ಬರುವಾಗಲೂ ಹಾಸನ್ನು ಕತ್ತರಿಸದೆ, ಮಗ್ಗದ ಮರಗಳ ಸಮೇತ ಸುತ್ತಿ ಗಾಡಿಯಲ್ಲಿ ತಂದರಂತೆ.

"ಮಗ್ಗ ಬರಿದಾದ್ರೆ ನಾನೂ ಮುಗ್ದೆ ಅಂತ ತಿಳ್ಕೊ" ಎಂದು ಅತ್ತೆ ನಗುತ್ತಲೇ ಹೇಳುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಹೊಸ ಹಾಸು ಬಂದಾಗಲೆಲ್ಲ ನನ್ನನ್ನು ಆಚೆ ಕಳಿಸಿ, ಒಬ್ಬರೇ ಕೂತು ಕೆಚ್ಚುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಹೊರಗಿನಿಂದ ಬಂದವಳೆಂದು ದೂರ ಇಡುತ್ತಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಡುಗೆಮನೆ ಕೊಟ್ಟರು, ಬೀಗದ ಕೈ ಕೊಟ್ಟರು, ಮಗನನ್ನೇ ಕೊಟ್ಟರು. ಈ ನೂಲಿನಲ್ಲಿ ಅಂಥದ್ದೇನಿದೆ ಎಂದು ನನಗೆ ಉರಿ.

ಅತ್ತೆ ನೇಯುತ್ತಿದ್ದದ್ದು ಹೆಂಗಸರು ತಲೆಗೆ ಕಟ್ಟುವ ಕೆಂಪು ವಸ್ತ್ರ. ಮದುವೆ ಕಾಲ ಬಂತೆಂದರೆ ದೂರದ ಬಾಳೆಲೆ ಊರಿನಿಂದಲೂ ಕೊಡವರ ಮನೆಯ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಈಗ ಅಂಥದ್ದೆಲ್ಲ ಅಂಗಡಿಯಲ್ಲಿ ಪ್ರಿಂಟ್ ಹಾಕಿದ್ದು ಸಿಗುತ್ತದೆ. ಆದರೂ ಅತ್ತೆ ಬಿಟ್ಟಿರಲಿಲ್ಲ. ಹೋದ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಮಗ್ಗದಿಂದ ಏಳಲು ಹೋಗಿ ಹಾಗೇ ಪಕ್ಕಕ್ಕೆ ಒರಗಿದರು. ಸ್ಟ್ರೋಕ್ ಎಂದರು ಡಾಕ್ಟರು. ಮಾತು ನಿಂತಿತು. ಮಗ್ಗುಲು ತಿರುಗಿಸಲೂ ನಾನೇ ಬೇಕಾಯಿತು. ಮಗ್ಗದ ಮೇಲೆ ಹಾಸು ಹಾಗೇ ನಿಂತಿತು. ಇನ್ನೂ ಸಾಕಷ್ಟಿತ್ತು.

ನಮ್ಮವರು ಸಿದ್ದಾಪುರದ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾರೆ. ಬೆಳಿಗ್ಗೆ ಹೋದರೆ ಸಂಜೆ ಬಸ್ಸಿಗೇ ಬರುವುದು. ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿ ಓದುತ್ತಾರೆ. ನಾನು ಕುಶಾಲನಗರದಲ್ಲಿ ಟೈಲರ್ ಅಂಗಡಿಯಲ್ಲಿ ಹೊಲಿಗೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸಿ, ಮೈ ಒರೆಸಿ, ಬೀಗ ಹಾಕಿ ಹೋಗಿ, ಮಧ್ಯಾಹ್ನ ಓಡಿ ಬಂದು ನೋಡಿಕೊಂಡು ಮತ್ತೆ ಹೋಗುವುದು. ಮಳೆಗಾಲ ಹೀಗೇ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಬಂದಾಗ ಪಡಸಾಲೆಯಲ್ಲಿ ಗಂಜಿ ಹಚ್ಚಿದ ನೂಲಿನ ಹಸಿ ವಾಸನೆ ಬಂತು. ಮಗ್ಗದ ಕಡೆ ನೋಡಿದೆ. ಬಟ್ಟೆ ಬೆಳೆದ ಹಾಗಿತ್ತು.

ಅಯ್ಯೋ, ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಆದರೂ ಇರಲಿ ಎಂದು ನೇಯ್ಗೆ ನಿಂತ ಜಾಗದಲ್ಲಿ ಅಂಚಿಗೆ ಒಂದು ಬಿಳಿ ದಾರ ಕಟ್ಟಿ ಹೋದೆ. ಮರುದಿನ ಮಧ್ಯಾಹ್ನ ಬಂದು ನೋಡಿದರೆ ಬಿಳಿ ದಾರ ಗೇಣುದ್ದ ಹಿಂದೆ ಸರಿದಿದೆ. ಅದರ ಮುಂದೆ ಹೊಸದಾಗಿ ನೇಯ್ದ ಕೆಂಪು ಬಟ್ಟೆ. ಅಂಚು ಅತ್ತೆಯ ಕೈಯದೇ, ಎಡಗಡೆ ಸ್ವಲ್ಪ ಬಿಗಿ. ನಾನು ಬಂದು ತೆಗೆಯುವವರೆಗೂ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದದ್ದು ಅತ್ತೆ ಒಬ್ಬರೇ. ಅವರೋ, ನೊಣ ಕೂತರೂ ಓಡಿಸಿಕೊಳ್ಳಲಾರದವರು.

ನನಗೆ ಹೆದರಿಕೆಯಾದಾಗ ಬಾಯಿ ಜಾಸ್ತಿ. ಗಂಜಿ ಕುಡಿಸುತ್ತ, "ಏನತ್ತೆ, ದೆವ್ವ ಇಟ್ಕೊಂಡು ನೇಯಿಸ್ತಿದೀರಾ? ಕೂಲಿ ಯಾರು ಕೊಡೋದು?" ಎಂದು ತಮಾಷೆ ಮಾಡಿದೆ. ಅತ್ತೆ ಹೆಂಚಿನ ಕಡೆ ನೋಡುತ್ತ ಮಲಗಿದ್ದರು. ಬಾಯಿ ಒರೆಸಿ, ಕೈ ಒರೆಸಲು ಹೋದೆ. ಉಗುರ ಸಂದಿಯಲ್ಲಿ ಕೆಂಪು ನೂಲಿನ ಜುಂಗು ಸಿಕ್ಕಿಕೊಂಡಿತ್ತು. ನಾನು ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದೆ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಡದೆ, "ಇಲಿ ಗಿಲಿ ಇರ್ಬೋದು ಕಣೇ" ಅಂದರು.

"ಇಲಿ ವಸ್ತ್ರ ನೇಯ್ತದಾ ರೀ? ಅಂಚು ಬೇರೆ ಹಿಡೀತದಾ?"

"ನಿಂಗೆ ನಿದ್ದೆ ಇಲ್ದೆ ತಲೆ ಕೆಟ್ಟದೆ. ಸುಮ್ಕಿರು" ಅಂದರು. ಆದರೆ ಆಮೇಲೆ ಪಡಸಾಲೆಗೆ ಹೋಗದೆ ಹಿತ್ತಿಲ ಬಾಗಿಲಿನಿಂದಲೇ ಸುತ್ತಿ ಹೊರಗೆ ಹೋದರು. ಅವರಿಗೂ ಭಯವೇ.

ಬಿಳಿ ದಾರ ದಿನಾ ಸರಿಯಿತು. ನನ್ನ ಭಯ ಬಟ್ಟೆ ಬೆಳೆಯುವುದರದ್ದಲ್ಲ, ಹಾಸು ಕರಗುವುದರದ್ದು. ಮಗ್ಗ ಬರಿದಾದರೆ ನಾನೂ ಮುಗಿದೆ ಎಂದು ಅತ್ತೆ ಹೇಳುತ್ತಿದ್ದದ್ದು ಕಿವಿಯಲ್ಲೇ ಕೂತುಬಿಟ್ಟಿತ್ತು. ಬೈದರೂ, ಉರಿಸಿದರೂ, ನನ್ನ ಎರಡು ಹೆರಿಗೆಗೂ ತವರಿಗೆ ಕಳಿಸದೆ ತಾವೇ ಬಾಣಂತನ ಮಾಡಿದ ಹೆಂಗಸು ಅದು. ನನ್ನ ತಾಯಿ ತೀರಿಕೊಂಡಾಗ ಪಕ್ಕದಲ್ಲಿ ಕೂತು ನನ್ನ ತಲೆಗೆ ಎಣ್ಣೆ ಹಚ್ಚಿದವರು. ಅವರು ಹೋಗುವುದು ನನಗೆ ಬೇಡವಾಗಿತ್ತು. ಅಷ್ಟೇ, ಬೇಡವಾಗಿತ್ತು.

ಒಂದು ದಿನ ಅಂಗಡಿಯಿಂದ ಬೇಗ ಬಂದೆ. ಸುಡುಬಿಸಿಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಗೇಟಿನ ಹತ್ತಿರವೇ ಕೇಳಿಸಿತು, ಡಬ್, ಡಬ್ ಎಂದು ಮಗ್ಗದ ಹಲಗೆ ನೂಲಿಗೆ ಬಡಿಯುವ ಸದ್ದು. ಬೀಗ ತೆಗೆಯಲು ಧೈರ್ಯ ಸಾಲಲಿಲ್ಲ. ಗೋಡೆ ಬದಿಯಲ್ಲಿ ಹೋಗಿ ಅತ್ತೆಯ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ಅತ್ತೆ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿತ್ತು. ಅವರ ಕೈಗಳು ಕಂಬಳಿಯ ಮೇಲೆ ಎದ್ದು ಅತ್ತ ಇತ್ತ ಆಡುತ್ತಿದ್ದವು, ಲಾಳಿ ಎಸೆದು ಹಿಡಿದ ಹಾಗೆ. ಕಂಬಳಿಯ ಕೆಳಗೆ ಕಾಲುಗಳು ಒಂದಾದ ಮೇಲೊಂದು ಒತ್ತುತ್ತಿದ್ದವು. ಆಚೆ ಬಾಗಿಲಲ್ಲಿ ಮಗ್ಗ ಕಾಣುತ್ತಿತ್ತು. ಮುಂದೆ ಯಾರೂ ಕೂತಿರಲಿಲ್ಲ. ಅತ್ತೆಯ ಕೈ ತನ್ನ ಕಡೆ ಎಳೆದುಕೊಂಡಾಗಲೆಲ್ಲ ಅಲ್ಲಿ ಹಲಗೆ ಬಂದು ಬಡಿಯುತ್ತಿತ್ತು.

ಕಿಟಕಿ ಬಿಟ್ಟು ಓಡಿದೆ. ಕಾಲುವೆ ಏರಿಯ ಮೇಲೆ ಹೋಗಿ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಅಲ್ಲ, ಇಷ್ಟು ಅರ್ಜೆಂಟಾಗಿ ಹಾಸು ಮುಗಿಸಿ ಎಲ್ಲಿಗೆ ಹೊರಟಿದೆ ಈ ಮುದುಕಿ? ನಾನೂ ನೋಡೇಬಿಡುತ್ತೇನೆ ಅಂದುಕೊಂಡೆ.

ಮನೆಗೆ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಹಾಸು ಮೊಳದಷ್ಟು ಮಾತ್ರ ಉಳಿದಿತ್ತು. ಅತ್ತೆಯ ಟ್ರಂಕಿನಲ್ಲಿ ಹೊಸ ಹಾಸು ಸಿದ್ಧವಾಗಿದ್ದದ್ದು ನನಗೆ ಗೊತ್ತಿತ್ತು. ಅದನ್ನು ತೆಗೆದು ಮಗ್ಗದ ಹಿಂದೆ ಕಟ್ಟಿದೆ. ಒಲೆಯಿಂದ ಬೂದಿ ತಂದು ತಟ್ಟೆಯಲ್ಲಿಟ್ಟುಕೊಂಡು ಕೂತೆ. ಕೋಣೆಯ ಕಡೆ ತಿರುಗಿ ಕೂಗಿದೆ: "ಅತ್ತೆ, ಕೆಚ್ತಾ ಇದೀನಿ. ಬೇಕಾದ್ರೆ ಎದ್ದು ಬಂದು ಬೈರಿ!"

ಬೈಗುಳ ಬರಲಿಲ್ಲ. ಬಂದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಅಂಗಡಿಗೆ ರಜ ಹೇಳಿ ಅದೇ ಕೆಲಸ ಹಿಡಿದೆ. ಸಾವಿರಗಟ್ಟಲೆ ಎಳೆ. ಮೊದಮೊದಲು ಹೊಸೆದದ್ದು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಸಂದಿಯಲ್ಲಿ ನೋಡಿ ಕಲಿತ ವಿದ್ಯೆ ಎಷ್ಟು ತಾನೆ ಬರುತ್ತದೆ? ಬರುಬರುತ್ತ ಬೆರಳಿಗೆ ಹಿಡಿತ ಸಿಕ್ಕಿತು. ವಿಚಿತ್ರವೆಂದರೆ ನಾನು ಕೆಚ್ಚಲು ಕೂತ ಮೇಲೆ ಅತ್ತೆಯ ಕೈ ಆಡುವುದು ನಿಂತಿತು. ಮುಖಕ್ಕೆ ಕಳೆ ಬಂತು. ಗಂಜಿ ಇನ್ನೂ ಎರಡು ಗುಟುಕು ಹೆಚ್ಚು ಕುಡಿದರು. "ನೋಡಿದ್ರಾ, ಹುಷಾರಾಗ್ತಾ ಅವ್ರೆ" ಎಂದು ನಮ್ಮವರ ಮುಂದೆ ಜಂಬ ಕೊಚ್ಚಿದೆ. ಗೆದ್ದೆ ಅಂದುಕೊಂಡಿದ್ದೆ.

ಕೊನೆಯ ಎಳೆ ಹೊಸೆದಾಗ ಮಧ್ಯಾಹ್ನ ಇಳಿದಿತ್ತು. ಬೂದಿಗೈಯಲ್ಲೇ ಕೋಣೆಗೆ ಓಡಿದೆ. "ಅತ್ತೆ, ಮುಗೀತು! ಎಲ್ಲಾ ಎಳೆ ಸೇರ್ಸಿದೆ. ಇನ್ನೊಂದು ವರ್ಷ ಮಗ್ಗ ಬರಿದಾಗೋ ಮಾತಿಲ್ಲ, ನೀವೂ ಎಲ್ಲಿಗೂ ಹೋಗಂಗಿಲ್ಲ."

ಅತ್ತೆ ತಲೆ ತಿರುಗಿಸಿ ನನ್ನ ಕೈ ನೋಡಿದರು. ಇಷ್ಟು ತಿಂಗಳು ಮಾತೇ ಇಲ್ಲದ ಬಾಯಿಂದ ಸ್ಪಷ್ಟವಾಗಿ ಮಾತು ಬಂತು.

"ನಮ್ಮತ್ತೆ ಹೋದ ದಿನವೇ ಕಣ್ ಮಗಾ, ನಾನು ಮೊದಲ್ನೇ ಸಲ ಕೆಚ್ಚಿದ್ದು. ಸೊಸೆ ಕೆಚ್ಚಿದ್ರೆ ಮಗ್ಗ ಸೊಸೇದು. ಅತ್ತೆ ಹೊರಡಬೇಕು. ಇನ್ನಷ್ಟು ದಿನ ನಿಮ್ ಜೊತೆ ಇರಾನ ಅಂತ್ಲೇ ನಿನ್ನ ಕೈಯ ತಡೀತಿದ್ದೆ. ಈಗ ಸಾಕಾಗೋಯ್ತು. ಮಗ್ಗ ನಿಂಗೆ ಕೊಡದೆ ಹೋಗೋಕೂ ಆಯ್ತಿರ್ಲಿಲ್ಲ. ಅದ್ಕೇ ಹಾಸು ಮುಗಿಸ್ತಿದ್ದೆ, ನೀನು ಬಂದು ಕೆಚ್ಲಿ ಅಂತ."

ನಾನು ಉಳಿಸಲು ಹೊಸೆದ ಒಂದೊಂದು ಎಳೆಯೂ ಅವರನ್ನು ಬಿಡಿಸುತ್ತಿತ್ತು. ಹೊಲಿಗೆ ಕತ್ತರಿ ಪಡಸಾಲೆಯ ಕಿಟಕಿಯ ಮೇಲೇ ಇತ್ತು. ಎತ್ತಿಕೊಂಡು ಮಗ್ಗದ ಹತ್ತಿರ ಹೋದೆ. ಕೆಚ್ಚಿದ್ದನ್ನೆಲ್ಲ ಕತ್ತರಿಸಿಬಿಟ್ಟರೆ ಮಗ್ಗ ಅವರದೇ ಆಗಿ ಉಳಿದೀತು, ಅವರೂ ಉಳಿದಾರು.

"ಬ್ಯಾಡ ಮಗಾ" ಅಂದರು ಅತ್ತೆ ಒಳಗಿನಿಂದ. ನಾನು ಏನು ಹಿಡಿದಿದ್ದೇನೆಂದು ಅವರು ಮಲಗಿದಲ್ಲಿಂದ ಕಾಣುವಂತಿರಲಿಲ್ಲ. "ಮೈಯೆಲ್ಲ ನೋವು ಕಣವ್ವ. ಬಿಡು ನನ್ನ. ಒಂಚೂರು ನೇಯಿ, ಕೇಳ್ತಾ ಮಲಗ್ತೀನಿ."

ಕತ್ತರಿ ಕೆಳಗಿಟ್ಟೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತೆ. ಲಾಳಿ ಎಸೆದೆ. ಬೇಕೆಂದೇ ನಿಧಾನ ಮಾಡಿದೆ, ಒಂದೊಂದು ಬಡಿತಕ್ಕೂ ತಡ ಮಾಡಿದೆ. ಒಳಗಿನಿಂದ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ದೊಡ್ಡ ಉಸಿರು, ಆಮೇಲೆ ಅದೂ ಕೇಳಿಸಲಿಲ್ಲ. ನಿಲ್ಲಿಸಿದರೆ ಎದ್ದು ಹೋಗಿ ನೋಡಬೇಕಾಗುತ್ತದೆ ಎಂದು ನಾನು ನೇಯುತ್ತಲೇ ಇದ್ದೆ. ಸಂಜೆ ಬಸ್ಸಿಗೆ ಬಂದ ನಮ್ಮವರು ಅಮ್ಮನ ಕೋಣೆಗೆ ಹೋಗಿ, ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. ಆಗಲೇ ಲಾಳಿ ನಿಂತದ್ದು.