ಪರಿಮಳದಮ್ಮ ಮರಿ ಮುಟ್ಟಿದ್ದು

ನಾರ್ಸಿಸಾ ಬೆಟ್ಟದ ಮೇಲಿನ ಕೀಟೊ ನಗರದವಳು, ಪ್ರವಾಸಿ ಗೈಡು. ತಿಂಗಳಿಗೆರಡು ಸಲ ಹದಿನಾರು ಪ್ರವಾಸಿಗರನ್ನು ಕಟ್ಟಿಕೊಂಡು ಹೊರಡುತ್ತಾಳೆ. ಎರಡು ದಿನ ಅವಳೂರಿನ ಚಿನ್ನ ಬಳಿದ ಇಗರ್ಜಿಗಳು, ಕಲ್ಲುಹಾಸಿನ ಓಣಿಗಳು. ಮೂರು ದಿನ ನಮ್ಮ ದ್ವೀಪಗಳು. ಹಡಗಿನಿಂದ ದಡಕ್ಕೆ ಅವರನ್ನು ದಾಟಿಸುವ ರಬ್ಬರ್ ದೋಣಿ ನನ್ನದು. ಬೆಟ್ಟದೂರಿನವರೆಂದರೆ ನನಗೆ ಅಷ್ಟಕ್ಕಷ್ಟೇ. ಇವಳಂತೂ ಬೆಳಗಾಗೆದ್ದು ಕೈಗೆ ಕಿತ್ತಳೆ ಹೂವಿನ ಅತ್ತರು ಹಚ್ಚುವವಳು.

"ಏನಮ್ಮಾ ಪರಿಮಳದಮ್ಮ, ಕಡಲಸಿಂಹಗಳ ಮದುವೆಗೆ ಹೊರಟ್ಯಾ?"

"ನಿನ್ನ ಮೀನಿನ ನಾತ ತಡ್ಕೋಬೇಕಲ್ಲ ಎಲೀಸೆಯೊ, ಅದಕ್ಕೇ."

ಆದರೆ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಪ್ರಾಣಿಯಿಂದ ಆರಡಿ ದೂರ ಎಂದರೆ ಆರಡಿಯೇ. ಕಡಲಸಿಂಹದ ಮರಿಯತ್ತ ಕೈ ಚಾಚಿದ ದೊಡ್ಡ ಮನುಷ್ಯನೊಬ್ಬನಿಗೆ ಕೊಡೆಯಿಂದ ಏಟು ಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ. ಮನುಷ್ಯರ ವಾಸನೆ ಹತ್ತಿದ ಮರಿಗೆ ತಾಯಿ ಹಾಲು ಕೊಡುವುದಿಲ್ಲ. ಬೇರೆ ತಾಯಂದಿರೂ ಸೇರಿಸುವುದಿಲ್ಲ. ಅದು ಹಸಿದು ಸಾಯುವುದನ್ನು ನಾವು ದೂರದಿಂದ ನೋಡಬೇಕು, ಅಷ್ಟೆ.

ಆ ಸಂಜೆ ಪ್ರವಾಸಿಗರನ್ನೆಲ್ಲ ಹಡಗಿಗೆ ಬಿಟ್ಟು ಅವಳೊಬ್ಬಳನ್ನು ಕರೆದೊಯ್ಯಲು ಬಂದೆ. ಆರಕ್ಕೆ ದಡ ಖಾಲಿಯಾಗಬೇಕು. ಅವಳು ಹತ್ತಿದ್ದೇ ತಡ, ಎಂಜಿನ್ ಹಾಕಿ ದೋಣಿಯನ್ನು ಹಿಂದಕ್ಕೆ ಬಿಟ್ಟೆ.

"ನಿಲ್ಸೋ! ಮರಿ!"

ನಾನು ಎಂಜಿನ್ ಆರಿಸುವಷ್ಟರಲ್ಲಿ ಅವಳು ದೋಣಿಯ ಹಿಂದಿನ ನೀರಿಗೆ ಬಗ್ಗಿ, ಎರಡೂ ಕೈಯಿಂದ ಮರಿಯನ್ನು ಬಾಚಿಕೊಂಡಿದ್ದಳು. ನೀರಿನಡಿ ತಿರುಗುವ ಎಂಜಿನ್ನಿನ ಅಲಗು ಅದರಿಂದ ಒಂದು ಗೇಣು ದೂರವಿತ್ತು. ಮರಿಗೆ ಗೀರೂ ಆಗಿರಲಿಲ್ಲ. ಅವಳ ಮುಖ ಮಾತ್ರ ಬಿಳುಚಿಕೊಂಡಿತು.

"ಮುಟ್ಬಿಟ್ಟೆ," ಎಂದಳು. "ಈ ಹಾಳು ಕೈಲಿ."

"ಮರಳ ಮೇಲಿಳಿಸು. ಬೇಗ!"

ಕಡಲಸಿಂಹಗಳು ಹೊರಳಾಡಿದ್ದ ಗಬ್ಬು ಮರಳನ್ನು ದೋಣಿಯ ನೀರು ತೋಡುವ ಡಬ್ಬಿಯಲ್ಲಿ ತುಂಬಿ ಮರಿಯ ಮೇಲೆ ಸುರಿದೆ. ಮತ್ತೆ ಸುರಿದೆ. ಅವಳೂ ಬೊಗಸೆಯಲ್ಲಿ ಸುರಿದಳು. ಮನುಷ್ಯರ ವಾಸನೆ ಮುಚ್ಚಲು ನನ್ನಪ್ಪ ಹೇಳುತ್ತಿದ್ದ ಉಪಾಯ. ಫಲಿಸಿದ್ದನ್ನು ಅವನೂ ಕಂಡಿರಲಿಲ್ಲ. ಆಮೇಲೆ ಬಂಡೆಯ ಹಿಂದೆ ಕೂತೆವು. ಹಡಗು ಒಂದು ಸಲ ಕೂಗಿತು. ಮರಿಯೂ ಕೂಗಿತು.

ಆರಕ್ಕೆ ಹತ್ತು ನಿಮಿಷವಿರುವಾಗ ತಾಯಿ ನೀರಿನಿಂದೆದ್ದು ಬಂತು. ಮೂತಿ ತಂದು ಮೂಸಿತು. ತಟ್ಟನೆ ತಲೆ ಹಿಂದೆಗೆದು, ನಾಲ್ಕು ಹೆಜ್ಜೆ ಆಚೆ ಹೋಗಿ ನಮಗೆ ಬೆನ್ನು ಹಾಕಿ ನಿಂತಿತು.

"ಹೋಗ್ಬೇಡ ತಾಯೀ," ನಾರ್ಸಿಸಾ ಪಿಸುಗುಟ್ಟಿದಳು. ಅವಳ ಉಗುರು ನನ್ನ ತೋಳಿಗೆ ನಾಟಿತ್ತು.

ಮರಿ ತೆವಳಿ ಹತ್ತಿರ ಹೋಯಿತು. ತಾಯಿ ತಿರುಗಿ ಕುತ್ತಿಗೆ ಮೂಸಿತು, ಹೊಟ್ಟೆ ಮೂಸಿತು, ಮತ್ತೆ ಕುತ್ತಿಗೆ. ಆಮೇಲೆ ನಿಧಾನವಾಗಿ ಮಗ್ಗುಲಾಗಿ ಮಲಗಿತು. ಹಾಲು ಚೀಪುವ ಸದ್ದು ಬಂಡೆಯ ತನಕ ಕೇಳಿಸಿತು. ನಾರ್ಸಿಸಾ ಗಬ್ಬು ಮರಳಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಹಡಗಿನಲ್ಲಿ ಕ್ಯಾಪ್ಟನ್ ಕಾಯುತ್ತಿದ್ದ. "ಯಾಕೆ ತಡ?"

"ಮರಿ ಮುಟ್ಟಿದೆ ಸರ್. ವರದಿ ಬರೀತೀನಿ," ಎಂದಳು. ಅವಳ ಗೈಡ್ ಪರವಾನಗಿಯೇ ಹೋಗಬಹುದಾದ ಮಾತು. ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಇಪ್ಪತ್ತೆಂಟು ವರ್ಷದಲ್ಲಿ ಒಂದು ಮರಿಗೂ ದೋಣಿ ತಾಗಿಸಿದವನಲ್ಲ ಎಂದು ಬೀಗಿದವನು ನಾನು.

"ದೋಣಿ ಹಿಂದಕ್ಕೆ ಬಿಟ್ಟಿದ್ದು ನಾನು ಸರ್," ಎಂದೆ. "ಹಿಂದೆ ನೋಡಿರ್ಲಿಲ್ಲ. ಅದನ್ನೂ ಬರ್ಕೊಳ್ಳಿ."